ಗುಂಡು ಹಾರಿದ ಮೇಲೆ ಏನು?

ಬಾಯಿಯಿಂದ ಮದ್ದು ತುಂಬುವ ಪಿಸ್ತೂಲನ್ನು ಒಮ್ಮೆ ಹಾರಿಸಿ ಇನ್ನೊಮ್ಮೆ ಹಾರಿಸಬೇಕು ಅಂದ್ರೆ ಎಷ್ಟು ಕೆಲಸ ಇದೆ ನೋಡಿ. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಬೇಕು. ನಳಿಗೆಯನ್ನು ಮೇಲ್ಮುಖ ಮಾಡಿ ಅಳತೆಯ ಮದ್ದು ಸುರಿಯಬೇಕು. ಸೀಸದ ಗುಂಡನ್ನು ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ನಳಿಗೆಯ ಬಾಯಿಗಿಟ್ಟು, ಗಜದಿಂದ ತಳ ಮುಟ್ಟುವ ತನಕ ಜಡಿಯಬೇಕು. ಗಜವನ್ನು ವಾಪಸ್ ತೆಗೆಯಬೇಕು (ಗಡಿಬಿಡಿಯಲ್ಲಿ ಮರೆತು ಗುಂಡಿನ ಜೊತೆ ಗಜವನ್ನೂ ಹಾರಿಸಿಬಿಟ್ಟವರಿದ್ದಾರೆ). ಮೊಲೆಯ ಮೇಲೆ ಕೇಪು ಕೂರಿಸಬೇಕು. ಕುದುರೆಯನ್ನು ಪೂರ್ತಿ ಎಳೆಯಬೇಕು. ಆಮೇಲೆ ಗುರಿ. ಕೈ ಪಳಗಿದವನಿಗೂ ಇದಕ್ಕೆಲ್ಲ ಹತ್ತಿರಹತ್ತಿರ ಅರ್ಧ ನಿಮಿಷ ಬೇಕು. ಎದುರಾಳಿ ಹತ್ತು ಹೆಜ್ಜೆ ದೂರದಲ್ಲಿದ್ದರೆ ಅವನಿಗೆ ಬೇಕಾದದ್ದು ಮೂರು ಸೆಕೆಂಡು.

ಬಂದೂಕಿನ ಚರಿತ್ರೆ ಅಂದ ತಕ್ಷಣ ನಾವು ಗುಂಡು ಹಾರುವ ಕ್ಷಣವನ್ನೇ ನೆನೆಸಿಕೊಳ್ತೀವಿ. ನನಗೆ ಮಾತ್ರ ಯಾವಾಗಲೂ ಆ ಅರ್ಧ ನಿಮಿಷದ ಮೇಲೇ ಕಣ್ಣು. ಹೊಗೆ ಇನ್ನೂ ಕರಗಿಲ್ಲ, ಕೈಯಲ್ಲಿರೋದು ಬರೀ ಕಬ್ಬಿಣದ ಕೊಳವೆ, ಎದುರಿಗಿರೋನು ಓಡಿ ಬರ್ತಿದ್ದಾನೆ. ಈ ಭಯಕ್ಕೆ ಉತ್ತರ ಹುಡುಕುತ್ತಾ ಕಮ್ಮಾರರು, ಬಂದೂಕು ಮಾಡುವವರು, ಸೇನಾಪತಿಗಳು ಮುನ್ನೂರು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಆ ಉತ್ತರಗಳಲ್ಲಿ ಅತ್ಯಂತ ವಿಚಿತ್ರವಾದದ್ದು, ಚಾಕು ಮತ್ತು ಪಿಸ್ತೂಲನ್ನು ಒಂದೇ ಹಿಡಿಗೆ ಕೂರಿಸಿದ ಆಯುಧ.

ಸೈನಿಕರ ಉದ್ದ ಬಂದೂಕಿಗೆ ಉತ್ತರ ಸಿಕ್ಕಿದ್ದು ಬಯೊನೆಟ್ ರೂಪದಲ್ಲಿ. ಅದೂ ಮೊದಲ ಸಲಕ್ಕೇ ಸರಿಯಾಗಿ ಸಿಗಲಿಲ್ಲ. ಶುರುವಿನ ಬಯೊನೆಟ್ಟಿನ ಹಿಡಿಯನ್ನು ಬಿರಡೆಯ ಹಾಗೆ ನಳಿಗೆಯ ಬಾಯಿಗೇ ತುರುಕಬೇಕಿತ್ತು. ತುರುಕಿದರೆ ಈಟಿ, ತೆಗೆದರೆ ಬಂದೂಕು. ಎರಡೂ ಒಟ್ಟಿಗೆ ಇಲ್ಲ. 1689ರ ಜುಲೈ 27ರಂದು ಸ್ಕಾಟ್ಲೆಂಡಿನ ಕಿಲ್ಲಿಕ್ರ್ಯಾಂಕಿಯಲ್ಲಿ ಇದರ ಬೆಲೆ ಗೊತ್ತಾಯ್ತು. ಜನರಲ್ ಹ್ಯೂ ಮೆಕೆಯ ಸರ್ಕಾರಿ ಸೈನಿಕರು ಒಂದು ಸುತ್ತು ಗುಂಡು ಹಾರಿಸಿ ಬಯೊನೆಟ್ ಸಿಕ್ಕಿಸೋಕೆ ಹೊರಡುವಷ್ಟರಲ್ಲಿ, ಗುಡ್ಡದ ಮೇಲಿಂದ ಕತ್ತಿ ಹಿರಿದು ಓಡಿ ಬಂದ ಹೈಲೆಂಡರ್‌ಗಳು ಅವರ ಮೇಲೆ ಬಿದ್ದಿದ್ದರು. ಆಮೇಲೆ ನಳಿಗೆಯ ಬಾಯಿ ಮುಚ್ಚದ ಹಾಗೆ ಅಲಗನ್ನು ಪಕ್ಕಕ್ಕೆ ಸರಿಸಿದ ಬಯೊನೆಟ್ ಬಂತು, ಇಡೀ ಯುರೋಪಿನಲ್ಲಿ ಹಬ್ಬಿತು. ಆದರೆ ಅದು ಸಾಲುಗಟ್ಟಿ ನಿಲ್ಲುವ ಸೈನಿಕನಿಗೆ. ಒಂದು ಕೈಯಲ್ಲಿ ಹಿಡಿಯುವ ಪಿಸ್ತೂಲಿನವನಿಗೆ ಬೇರೆ ಏನಾದರೂ ಬೇಕಿತ್ತು.

ಶ್ರೀಮಂತರ ಮಟ್ಟಿಗೆ ಈ ಆಟ ಬಹಳ ಹಿಂದೇ ಶುರುವಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದು ಬೇಟೆ ಚಾಕು ಇದೆ. ಜರ್ಮನಿಯ ಮ್ಯೂನಿಕ್‌ನಲ್ಲಿ 1528-29ರ ಹೊತ್ತಿಗೆ ಆದದ್ದು, ಆಸ್ಟ್ರಿಯಾದ ಫರ್ಡಿನೆಂಡ್ ದೊರೆಗೆ ಸೇರಿದ್ದು. ಅಲಗಿನ ಪಕ್ಕಕ್ಕೆ ಪಿಸ್ತೂಲು. ಅಷ್ಟು ಸಾಲದು ಅಂತ ಅಲಗಿನ ಮೇಲೆ ಆಂಬ್ರೋಸಿಯಸ್ ಗೆಮ್ಲಿಕ್ ಎಂಬ ಕಸಬುದಾರ ಪಂಚಾಂಗವನ್ನೂ ಕೊರೆದಿದ್ದಾನೆ! ಹಂದಿಗೆ ತಿವಿಯಬಹುದು, ಗುಂಡು ಹೊಡೆಯಬಹುದು, ಇವತ್ತು ಯಾವ ಸಂತನ ಹಬ್ಬ ಅಂತಲೂ ನೋಡಬಹುದು. ನಮ್ಮ ಜೇಬಿನ ಫೋನಿಗೆ ಇವನೇ ಮೂಲಪುರುಷ ಅನ್ನಿಸುತ್ತೆ.

ನಮ್ಮ ದೇಶದ ಉತ್ತರ ಬೇರೆ ಥರ. ಕಠಾರಿ ನೋಡಿರುತ್ತೀರಿ: ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಹಿಡಿ, ಅಡ್ಡಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಮುಂಗೈಯ ನೇರಕ್ಕೆ ಬರುತ್ತೆ. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಕಸಬುದಾರರು ಇದರ ಎರಡು ಪಕ್ಕದ ಪಟ್ಟಿಗಳಿಗೆ ಒಂದೊಂದು ಪುಟ್ಟ ಪಿಸ್ತೂಲು ಕೂರಿಸಿದರು. ಜೈಪುರದ ಸಿಟಿ ಪ್ಯಾಲೆಸ್‌ಗೆ ಹೋದರೆ ಶಸ್ತ್ರಾಗಾರದಲ್ಲಿ ಪಿಸ್ತೂಲು ಸೇರಿಸಿದ ಇಂಥ ಕಠಾರಿಗಳನ್ನು ನೋಡಬಹುದು. ಜೊತೆಗಿರುವ ಪ್ರವಾಸಿಗರು ‘ಜೇಮ್ಸ್ ಬಾಂಡ್’ ಅಂತ ನಗೋದು ಸಾಮಾನ್ಯ. ನಾನು ಇಂಜಿನಿಯರ್ ಕಣ್ಣಿಂದ ಹೇಳ್ತೀನಿ, ಚಾಕು-ಪಿಸ್ತೂಲುಗಳ ಇಡೀ ವಂಶದಲ್ಲಿ ಬುದ್ಧಿವಂತ ವಿನ್ಯಾಸ ಇದೇ. ಉಳಿದ ಕಡೆಯೆಲ್ಲ ಪಿಸ್ತೂಲಿನ ಹಿಡಿ ಬಾಗಿರಬೇಕು, ಚಾಕುವಿನ ಹಿಡಿ ನೆಟ್ಟಗಿರಬೇಕು ಅನ್ನೋ ಜಗಳ. ಕಠಾರಿಯಲ್ಲಿ ತಿವಿಯುವ ದಿಕ್ಕೂ ಗುಂಡು ಹೋಗುವ ದಿಕ್ಕೂ ಒಂದೇ. ಮುಷ್ಟಿ ಎತ್ತ ತೋರಿಸುತ್ತೋ ಅತ್ತ.

ಕೊಡಗಿನವರು ಮಾತ್ರ ಎರಡನ್ನೂ ಬೆಸೆಯುವ ಗೋಜಿಗೇ ಹೋಗಲಿಲ್ಲ. ಸೊಂಟದ ಮುಂದೆ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿ, ಹೆಗಲಿಗೆ ಕೋವಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿ ಎರಡನ್ನೂ ಒಟ್ಟಿಗೆ ಇಟ್ಟು, ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಪೂಜೆಗೆ ಮಾತ್ರ ಜೊತೆ, ಕೆಲಸಕ್ಕೆ ಬೇರೆಬೇರೆ. ಇದು ಎಷ್ಟು ಜಾಣತನ ಅನ್ನೋದು ಮುಂದೆ ಗೊತ್ತಾಗುತ್ತೆ.

ಈಗ ಅಸಲಿ ಕಥೆಗೆ ಬರೋಣ. ಇದು ಅಮೆರಿಕದ್ದು, ಶುರುವಾಗೋದು ಒಂದು ಹುಚ್ಚು ಹೊಡೆದಾಟದಿಂದ. 1827ರ ಸೆಪ್ಟೆಂಬರ್ 19ರಂದು ಮಿಸಿಸಿಪಿ ನದಿಯ ಮರಳು ದಿಬ್ಬದ ಮೇಲೆ ಇಬ್ಬರು ಮರ್ಯಾದಸ್ಥರು ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಇಬ್ಬರ ಗುಂಡುಗಳೂ ಗುರಿ ತಪ್ಪಿದವು, ಕೈಕುಲುಕಿ ರಾಜಿಯಾದರು. ಅಲ್ಲಿಗೆ ಮುಗೀಬೇಕಿತ್ತು. ಆದರೆ ಜೊತೆಗೆ ಬಂದಿದ್ದ ಎರಡೂ ಕಡೆಯವರು ತಮ್ಮ ಹಳೇ ದ್ವೇಷ ತೆಗೆದು ಅಲ್ಲೇ ಬಡಿದಾಡಿಕೊಂಡರು, ಇಬ್ಬರು ಸತ್ತರು. ಜಿಮ್ ಬೋವಿ ಎಂಬಾತನಿಗೆ ಗುಂಡೇಟು ಬಿತ್ತು, ಮೇಲಿಂದ ಕೈಕೋಲಿನೊಳಗೆ ಅಡಗಿಸಿದ್ದ ಕತ್ತಿಯ ತಿವಿತವೂ ಬಿತ್ತು (ನೋಡಿ, ಇಲ್ಲೂ ಎರಡು-ಒಂದರಲ್ಲಿ!). ಅಷ್ಟಾದರೂ ಅವನು ತನ್ನ ದೊಡ್ಡ ಚಾಕುವಿನಿಂದ ಎದುರಾಳಿ ನಾರಿಸ್ ರೈಟ್‌ನನ್ನು ಕೊಂದ. ಪತ್ರಿಕೆಗಳು ಇದನ್ನು ಊರೂರಿಗೆ ಮುಟ್ಟಿಸಿದವು. ಕೈಕೊಟ್ಟದ್ದು ಪಿಸ್ತೂಲು, ಕೈಹಿಡಿದದ್ದು ಚಾಕು ಅನ್ನೋ ಮಾತು ಜನರ ತಲೆಯಲ್ಲಿ ಕೂತಿತು. ‘ಬೋವಿ ನೈಫ್’ ಅನ್ನೋದು ಒಂದು ಫ್ಯಾಶನ್ನೇ ಆಗಿಹೋಯ್ತು. ಅವನು 1836ರ ಮಾರ್ಚಿನಲ್ಲಿ ಅಲಾಮೊ ಕೋಟೆಯಲ್ಲಿ ಸತ್ತ ಮೇಲಂತೂ ಕೇಳೋದೇ ಬೇಡ.

ಮರುವರ್ಷ, 1837ರ ಜುಲೈ 5ರಂದು, ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಜಾರ್ಜ್ ಎಲ್ಜಿನ್ ಎಂಬಾತನಿಗೆ ಅಮೆರಿಕದ 254ನೇ ಪೇಟೆಂಟ್ ಸಿಕ್ಕಿತು. ವಿಷಯ: ಪಿಸ್ತೂಲನ್ನೂ ಬೋವಿ ಚಾಕುವನ್ನೂ, ಅಥವಾ ಪಿಸ್ತೂಲನ್ನೂ ಕಟ್ಲಾಸನ್ನೂ ಒಂದಾಗಿಸುವುದು. ಕಟ್ಲಾಸ್ ಅಂದ್ರೆ ನಾವಿಕರ ಮೋಟು ಕತ್ತಿ. ಎರಡನ್ನೂ ಬೇರೆಬೇರೆ ಹಿಡಿದಷ್ಟೇ ಸಲೀಸಾಗಿ ಇದನ್ನು ಬಳಸಬಹುದು ಅನ್ನೋದು ಅವನ ವಾದ. ಆಲ್-ಇನ್-ಒನ್ ಪ್ರಿಂಟರ್ ಮಾರುವವರೂ ನಮಗೆ ಇದನ್ನೇ ಹೇಳೋದು ಅಲ್ವಾ?

ಇದನ್ನು ತಯಾರಿಸೋದು ಎಷ್ಟು ಕಷ್ಟ ಅಂತ ಕಾಗದದ ಮೇಲಿನ ಚಿತ್ರ ನೋಡಿದರೆ ಗೊತ್ತಾಗಲ್ಲ. ಕುಲುಮೆಯ ಮುಂದೆ ನಿಂತವನಿಗೇ ಗೊತ್ತು. ಅಲಗು ಮತ್ತು ನಳಿಗೆ, ಎರಡೂ ಲೋಹವೇ, ಆದರೆ ಸ್ವಭಾವ ಪೂರ್ತಿ ಉಲ್ಟಾ. ಅಲಗಿಗೆ ಬೇಕಾದದ್ದು ಉಕ್ಕು. ಅದನ್ನು ಕೆಂಪಗೆ ಕಾಸಿ, ನೀರಿಗೋ ಎಣ್ಣೆಗೋ ಅದ್ದಿದರೆ ಗಾಜಿನಷ್ಟು ಗಡುಸಾಗುತ್ತೆ, ಗಾಜಿನ ಹಾಗೇ ಒಡೆದೂ ಹೋಗುತ್ತೆ. ಹಾಗಾಗಿ ಮತ್ತೆ ನಿಧಾನಕ್ಕೆ ಕಾಸಿ ಹದ ಮಾಡಬೇಕು. ಥರ್ಮಾಮೀಟರ್ ಇಲ್ಲದ ಕಾಲ, ನೋಡೋದು ಬಣ್ಣವನ್ನೇ. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ತಿಳಿ ಹಳದಿ ಬರುತ್ತೆ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹರಿತ ಬೇಕಾದ ಅಂಚಿಗೆ ಹಳದಿಯ ಹತ್ತಿರ ನಿಲ್ಲಿಸಬೇಕು. ಬಾಗಿ ಮರಳಬೇಕಾದ ಸ್ಪ್ರಿಂಗಿಗೆ ನೀಲಿಯ ತನಕ ಬಿಡಬೇಕು. ಒಂದು ಉಸಿರು ತಡ ಮಾಡಿದರೂ ಹದ ಹೋಯ್ತು.

ನಳಿಗೆಗೆ ಗಡುಸೇ ಶತ್ರು. ಒಳಗೆ ಮದ್ದು ಸಿಡಿದಾಗ ಅದು ಕೂದಲೆಳೆಯಷ್ಟು ಹಿಗ್ಗಿ ಮತ್ತೆ ಕುಗ್ಗಬೇಕು. ಗಡುಸಾಗಿದ್ದರೆ ಹಿಗ್ಗಲ್ಲ, ಸೀಳುತ್ತೆ, ಹಿಡಿದವನ ಬೆರಳು ಹೋಗುತ್ತೆ. ಅದಕ್ಕೇ ಹಳೇ ಕೈಕೆಲಸದಲ್ಲಿ ನಳಿಗೆಯನ್ನು ಮೆದು ಕಬ್ಬಿಣದಿಂದ ಮಾಡ್ತಿದ್ದರು. ಚಪ್ಪಟೆ ಪಟ್ಟಿಯನ್ನು ಸರಳಿನ ಸುತ್ತ ಬಾಗಿಸಿ, ಒಂದೆರಡು ಅಂಗುಲದಷ್ಟೇ ಜಾಗವನ್ನು ಬೆಳ್ಳಗೆ ಕಾಸಿ, ಸುತ್ತಿಗೆಯಿಂದ ಬಡಿದು ಅಂಚಿಗೆ ಅಂಚು ಬೆಸೆಯೋದು. ಮತ್ತೆ ಮುಂದಿನ ಎರಡು ಅಂಗುಲ. ಪೂರ್ತಿ ಆದ ಮೇಲೆ ಒಳಗೆ ಕೊರೆದು ನುಣುಪು ಮಾಡೋದು, ಹಿಂಬದಿಗೆ ತಿರುಪಿನ ಮುಚ್ಚಳ ಬಿಗಿಯೋದು.

ಈಗ ಇವೆರಡನ್ನು ಸೇರಿಸಿ ನೋಡೋಣ. ಅಲಗಿಗೆ ಹದ ಕೊಟ್ಟ ಮೇಲೆ ನಳಿಗೆಗೆ ಬೆಸೆಯೋಕೆ ಹೋದರೆ ಬೆಸುಗೆಯ ಕಾವಿಗೆ ಹದವೆಲ್ಲ ಕರಗುತ್ತೆ, ಅಲಗು ತಗಡಾಗುತ್ತೆ. ಮೊದಲೇ ಬೆಸೆದು ಆಮೇಲೆ ಒಟ್ಟಿಗೆ ಕಾಸಿ ಅದ್ದಿದರೆ ದಪ್ಪ ನಳಿಗೆ ಒಂದು ವೇಗದಲ್ಲಿ, ತೆಳು ಅಲಗು ಇನ್ನೊಂದು ವೇಗದಲ್ಲಿ ಆರಿ, ಅಲಗು ಸೊಟ್ಟಗಾಗುತ್ತೆ, ಇಲ್ಲಾ ಬಿರುಕು ಬಿಡುತ್ತೆ. ಉಳಿಯೋದು ಒಂದೇ ದಾರಿ: ಎರಡನ್ನೂ ಬೇರೆಬೇರೆ ಪೂರ್ತಿ ಮಾಡಿ, ತಣ್ಣಗಿರುವಾಗಲೇ ಗಾಡಿ ಕೊರೆದು, ತಿರುಪು ಹಾಕಿ ಕೂರಿಸೋದು. ಆಗ ಬೆಂಕಿಯ ಕೆಲಸ ಮುಗಿದು ಅರದ ಕೆಲಸ ಶುರು. ಒಂದು ಭಾಗಕ್ಕೆ ದೀಪದ ಮಸಿ ಬಳಿದು ಇನ್ನೊಂದಕ್ಕೆ ಒತ್ತಿ ತೆಗೆಯಬೇಕು. ಮಸಿ ಎಲ್ಲಿ ಅಂಟಿದೆಯೋ ಅಲ್ಲಿ ಉಬ್ಬು. ಅಷ್ಟನ್ನೇ ಅರದಿಂದ ಉಜ್ಜಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಅರ. ಒಂದು ಕೀಲು ಸಡಿಲ ಇಲ್ಲದೆ ಕೂರೋಕೆ ಹತ್ತಾರು ಸಲ ಹೀಗೆ. ಸ್ವಲ್ಪ ಸಡಿಲ ಬಿಟ್ಟರೂ ಪ್ರತಿ ಗುಂಡಿನ ಒದೆತ ಆ ತಿರುಪುಗಳನ್ನೇ ಅಲುಗಿಸುತ್ತೆ, ಪ್ರತಿ ಕತ್ತಿಯೇಟೂ ನಳಿಗೆಯನ್ನು ಅಲುಗಿಸುತ್ತೆ. ಎರಡು ಕೆಲಸಗಳು ಒಂದನ್ನೊಂದು ಹಾಳು ಮಾಡ್ತಾ ಹೋಗ್ತವೆ.

ಇಷ್ಟಕ್ಕೆ ಮುಗಿಯಲ್ಲ. ಸಾಮಾನ್ಯ ಪಿಸ್ತೂಲಿನಲ್ಲಿ ಗಜ ಇರೋದು ನಳಿಗೆಯ ಕೆಳಗೆ. ಇಲ್ಲಿ ಆ ಜಾಗದಲ್ಲಿ ಅಲಗು ಕೂತಿದೆ, ಗಜವನ್ನು ಬೇರೆಡೆ ಇಟ್ಟುಕೊಳ್ಳಬೇಕು. ಅಲಗು ನಳಿಗೆಯ ಬಾಯಿಗಿಂತ ಎಷ್ಟೋ ಮುಂದೆ ಚಾಚಿರುತ್ತೆ, ಅದರ ಪಕ್ಕದಲ್ಲೇ ಬೆರಳಾಡಿಸಿ ಮದ್ದು ತುಂಬಬೇಕು. ಕಪ್ಪು ಮದ್ದು ಸುಟ್ಟಾಗ ಉಳಿಯೋ ಕಿಟ್ಟ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತೆ. ಇದು ನಮ್ಮ ಮಲೆನಾಡಿನ ಕೇಪಿನ ಕೋವಿಯ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ: ಹೊಡೆದ ಕೋವಿಯನ್ನು ಬಿಸಿನೀರಲ್ಲಿ ತೊಳೆದು ಎಣ್ಣೆ ಹಚ್ಚದೆ ಮಲಗಬಾರದು. ಅಂಥದ್ದನ್ನು ಸಮುದ್ರದ ಉಪ್ಪುಗಾಳಿಗೆ ತಗೊಂಡು ಹೋದರೆ?

ತಗೊಂಡೇ ಹೋದರು! ಅಮೆರಿಕದ ಸರ್ಕಾರ ಆಗಷ್ಟೇ ಪೆಸಿಫಿಕ್ ಸಾಗರ ಮತ್ತು ದಕ್ಷಿಣ ಧ್ರುವದ ಕಡೆ ದೊಡ್ಡ ಶೋಧಯಾತ್ರೆಗೆ ತಯಾರಿ ನಡೆಸಿತ್ತು. ಅದಕ್ಕಾಗಿ ನೌಕಾಪಡೆ 150 ಎಲ್ಜಿನ್ ಪಿಸ್ತೂಲುಗಳನ್ನು ಕೊಂಡಿತು. ಮಾಡಿದ್ದು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನ ಸಿ. ಬಿ. ಆಲೆನ್, ಅಲಗುಗಳು ಮಾತ್ರ ಎನ್. ಪಿ. ಏಮ್ಸ್ ಕಾರ್ಖಾನೆಯವು. ಪಿಸ್ತೂಲು ಮಾಡುವವನಿಗೆ ಅಲಗಿನ ಹದ ಬರಲ್ಲ, ಕತ್ತಿ ಮಾಡುವವನಿಗೆ ನಳಿಗೆ ಬರಲ್ಲ. ಒಂದು ಆಯುಧಕ್ಕೆ ಎರಡು ಕಸಬು ಬೇಕಾಯ್ತು. ಎಂಟು ಮೂಲೆಯ ನಳಿಗೆ, ಐದು ಅಂಗುಲ ಉದ್ದ, ಅರ್ಧ ಅಂಗುಲಕ್ಕಿಂತ ಕೊಂಚ ದೊಡ್ಡ ಬಾಯಿ, ಅಂದರೆ .54 ಕ್ಯಾಲಿಬರ್. ಅದರಡಿಗೆ ಸುಮಾರು ಹನ್ನೊಂದು ಅಂಗುಲದ ಅಗಲವಾದ ಅಲಗು. ಟ್ರಿಗರ್ ಗಾರ್ಡನ್ನೇ ಹಿಂದಕ್ಕೆ ಎಳೆದು ಬೆರಳುಗಳಿಗೆ ರಕ್ಷಣೆ ಕೊಟ್ಟಿದ್ದಾರೆ. ಅಮೆರಿಕದ ಸೇನೆ ಅಧಿಕೃತವಾಗಿ ಕೊಟ್ಟ ಮೊದಲ ಕೇಪಿನ ಪಿಸ್ತೂಲು ಇದೇ. (ಇದೇ ಆಲೆನ್ ಅದೇ ಕಾಲದಲ್ಲಿ ಜಾನ್ ಕಾಕ್ರನ್ ಎಂಬಾತನ ಇನ್ನೊಂದು ಪೇಟೆಂಟಿನ ಬಂದೂಕನ್ನೂ ಮಾಡ್ತಿದ್ದ. ಅದರಲ್ಲಿ ಗುಂಡುಗಳು ಅಡ್ಡ ತಿರುಗುವ ಚಕ್ರದಲ್ಲಿರ್ತಿದ್ದವು, ಒಂದು ಗುಂಡು ಯಾವಾಗಲೂ ಹಾರಿಸುವವನ ಕಡೆಗೇ ಮುಖ ಮಾಡಿರ್ತಿತ್ತು! ಆ ಕಾಲದ ಸ್ಟಾರ್ಟಪ್‌ಗಳ ಧೈರ್ಯವೇ ಧೈರ್ಯ.)

1838ರ ಆಗಸ್ಟ್ 18ರಂದು ಚಾರ್ಲ್ಸ್ ವಿಲ್ಕ್ಸ್ ನಾಯಕತ್ವದಲ್ಲಿ ಆರು ಹಡಗು, 346 ಜನ ಹೊರಟರು. ವಿಜ್ಞಾನಿಗಳಿದ್ದರು, ಚಿತ್ರ ಬರೆಯುವವರಿದ್ದರು. ಕೆಲಸ ನಕ್ಷೆ ಮಾಡೋದು, ಗಿಡ, ಪ್ರಾಣಿ, ವಸ್ತುಗಳನ್ನು ಸಂಗ್ರಹಿಸೋದು. ಜೊತೆಗೆ ಪೆಟ್ಟಿಗೆಯಲ್ಲಿ 150 ಚಾಕು-ಪಿಸ್ತೂಲು.

1840ರ ಜುಲೈ 24ರಂದು ಫಿಜಿಯ ಮಲೋಲೊ ಎಂಬ ಪುಟ್ಟ ದ್ವೀಪದಲ್ಲಿ ಆಹಾರ ಕೊಳ್ಳಲು ಒಂದು ತಂಡ ದಡಕ್ಕಿಳಿಯಿತು. ಚೌಕಾಸಿ ಎಳೆದಾಡಿತು. ಒತ್ತೆಯಾಗಿ ದೋಣಿಯಲ್ಲಿ ಕೂರಿಸಿಕೊಂಡಿದ್ದ ಮುಖಂಡನ ಮಗ ನೀರಿಗೆ ಹಾರಿ ಓಡಿದ, ಅವನ ತಲೆಯ ಮೇಲಿಂದ ಗುಂಡು ಹಾರಿತು, ದಡದಲ್ಲಿ ಹೊಡೆದಾಟ ಶುರುವಾಯ್ತು. ಎಲ್ಜಿನ್ ತನ್ನ ಪೇಟೆಂಟಿನಲ್ಲಿ ಕಲ್ಪಿಸಿಕೊಂಡಿದ್ದ ಆ ಅರ್ಧ ನಿಮಿಷ ನಿಜವಾಗಿ ಬಂದದ್ದು ಇಲ್ಲಿ: ಮರಳಿನ ಮೇಲೆ ಕೆಲವೇ ಜನ, ಖಾಲಿಯಾಗುತ್ತಿರುವ ನಳಿಗೆಗಳು, ಗದೆ ಹಿಡಿದು ನುಗ್ಗುತ್ತಿರುವ ದ್ವೀಪದವರು. ಲೆಫ್ಟಿನೆಂಟ್ ಜೋಸೆಫ್ ಅಂಡರ್‌ವುಡ್ ಸತ್ತ. ವಿಲ್ಕ್ಸ್‌ನ ಸ್ವಂತ ಅಕ್ಕನ ಮಗ, ಮಿಡ್‌ಶಿಪ್‌ಮನ್ ವಿಲ್ಕ್ಸ್ ಹೆನ್ರಿಯೂ ಸತ್ತ.

ಎರಡು ದಿನದ ನಂತರ ನಡೆದದ್ದಕ್ಕೆ ಯಾವ ಅರ್ಧ ನಿಮಿಷದ ನೆಪವೂ ಇಲ್ಲ. ಪೂರ್ತಿ ತಯಾರಿಯಲ್ಲಿ ಇಳಿದ ಪಡೆ ದ್ವೀಪದ ಎರಡು ಹಳ್ಳಿಗಳನ್ನು ಸುಟ್ಟುಹಾಕಿತು. ಸುಮಾರು 80 ಜನ ದ್ವೀಪವಾಸಿಗಳು ಸತ್ತರು. ಉಳಿದವರು ಅಂಬೆಗಾಲಿಟ್ಟು ಗುಡ್ಡ ಹತ್ತಿ ಬಂದು ಕ್ಷಮೆ ಬೇಡಬೇಕು ಅಂತ ವಿಲ್ಕ್ಸ್ ಅಪ್ಪಣೆ ಮಾಡಿದ, ಬಂದರು, ಬೇಡಿದರು. ಮರುದಿನ ಅವರಿಂದಲೇ ಹಡಗಿಗೆ ನೀರು ಹೊರಿಸಿದರು. 1842ರಲ್ಲಿ ಊರಿಗೆ ಮರಳಿದ ಮೇಲೆ ವಿಲ್ಕ್ಸ್ ಮೇಲೆ ಸೇನಾ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಮಲೋಲೊ ಹತ್ಯೆಯ ಆರೋಪದಿಂದ ಅವನು ಖುಲಾಸೆ ಆದ. ತನ್ನದೇ ನಾವಿಕರಿಗೆ ನಿಯಮ ಮೀರಿ ಚಾಟಿಯೇಟು ಕೊಡಿಸಿದ್ದಕ್ಕೆ ಮಾತ್ರ ಛೀಮಾರಿ ಸಿಕ್ಕಿತು. ಯಾರ ಮೈಮೇಲಿನ ಗಾಯ ಲೆಕ್ಕಕ್ಕೆ ಬರುತ್ತೆ, ಯಾರದ್ದು ಬರಲ್ಲ ಅನ್ನೋದು ಆ ತೀರ್ಪಿನಲ್ಲೇ ಇದೆ. ಯಾತ್ರೆಯಲ್ಲಿ ಸಂಗ್ರಹಿಸಿದ ಸಾವಿರಾರು ವಸ್ತುಗಳು ಮುಂದೆ ಸ್ಮಿತ್ಸೋನಿಯನ್ ಸಂಗ್ರಹಾಲಯದ ಬುನಾದಿಯಾದವು. ಫಿಜಿಯ ಗದೆಗಳೂ ಅದರಲ್ಲಿವೆ.

ಎಲ್ಜಿನ್‌ನ ವ್ಯಾಪಾರ ಅಷ್ಟರಲ್ಲಿ ನೆಲಕಚ್ಚಿತ್ತು. 1837ರ ಮೇ ತಿಂಗಳಲ್ಲೇ ಅಮೆರಿಕದ ಬ್ಯಾಂಕುಗಳು ನೋಟಿಗೆ ಬೆಳ್ಳಿ-ಬಂಗಾರ ಕೊಡೋದು ನಿಲ್ಲಿಸಿ, ದೇಶ ಆರ್ಥಿಕ ಕುಸಿತಕ್ಕೆ ಬಿದ್ದಿತ್ತು. ಹೊಸ ಮಾಲಿಗೆ ದುಡ್ಡು ಯಾರ ಹತ್ರ ಇತ್ತು? ಅದೇ ವರ್ಷ ಡಿಸೆಂಬರ್ 25ಕ್ಕೆ ಅವನ ತವರು ಜಾರ್ಜಿಯಾ ರಾಜ್ಯವೇ ಪಿಸ್ತೂಲು ಮತ್ತು ಬೋವಿ ಚಾಕುಗಳ ಮಾರಾಟವನ್ನು ನಿಷೇಧಿಸುವ ಕಾನೂನು ತಂದಿತು. ಪಾಪ, ಅವನದ್ದು ಎರಡೂ ಆಗಿತ್ತು. ಆ ಕಾನೂನಿನ ಪಿಸ್ತೂಲಿನ ಭಾಗಕ್ಕೆ 1846ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕತ್ತರಿ ಹಾಕಿತು, ಅಷ್ಟೊತ್ತಿಗೆ ಇವನ ಪಿಸ್ತೂಲು ಕೇಳುವವರೇ ಇರಲಿಲ್ಲ.

ಯಾಕಂದ್ರೆ ನಿಜವಾದ ಉತ್ತರ ಎಲ್ಜಿನ್ ಪೇಟೆಂಟಿಗಿಂತ ಹದಿನಾರು ತಿಂಗಳು ಮೊದಲೇ ಅದೇ ಪೇಟೆಂಟ್ ಕಚೇರಿಯ ಕಡತ ಸೇರಿತ್ತು. 1836ರ ಫೆಬ್ರವರಿ 25, ಸ್ಯಾಮ್ಯುಯೆಲ್ ಕೋಲ್ಟ್‌ನ ರಿವಾಲ್ವರ್. ಗುಂಡು ಹಾರಿದ ಮೇಲೆ ಏನು? ಇನ್ನೊಂದು ಗುಂಡು. ಕೋಲ್ಟ್ ಕಂಪನಿಯೂ 1842ರಲ್ಲಿ ಮುಳುಗಿತು ಅನ್ನಿ, ಆದರೆ 1847ರಲ್ಲಿ ಮೆಕ್ಸಿಕೊ ಯುದ್ಧದ ಆರ್ಡರಿನ ಬಲದಿಂದ ಎದ್ದು ಬಂದಿತು. ಎಲ್ಜಿನ್‌ಗೆ ಎರಡನೇ ಅವಕಾಶ ಬರಲಿಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಅನ್ವಿನ್ ಅಂಡ್ ರಾಜರ್ಸ್ ಕಂಪನಿ ಮಡಚುವ ಜೇಬುಚಾಕುವಿಗೇ ಪುಟ್ಟ ನಳಿಗೆ ಕೂರಿಸಿ ಮಾರಿತು. ಗುಂಡು ಎರಕ ಹುಯ್ಯುವ ಅಚ್ಚು, ಬೆರಳುದ್ದದ ಗಜ ಎಲ್ಲ ಆ ಹಿಡಿಯಲ್ಲೇ ಅಡಗಿರ್ತಿತ್ತು. ಕೈಕೆಲಸ ಅಂತ ನೋಡಿದರೆ ಮುತ್ತು ಪೋಣಿಸಿದ ಹಾಗೆ. ಪ್ರಾಣ ಉಳಿಸಿಕೊಳ್ಳೋಕೆ ನಾನಂತೂ ಅದನ್ನು ನಂಬಲ್ಲ.

ಅಮೆರಿಕದ ನೌಕಾಪಡೆ ಎಲ್ಜಿನ್ ಪಿಸ್ತೂಲನ್ನು ಮತ್ತೆ ಕೊಳ್ಳಲಿಲ್ಲ. ವಿಲ್ಕ್ಸ್‌ನ ಹಡಗುಗಳು ಇನ್ನೂ ಸಮುದ್ರದಲ್ಲಿರುವಾಗಲೇ ಅದು 1841ರ ಮಾದರಿಯ ಹೊಸ ಕಟ್ಲಾಸ್ ಮಾಡಿಸಿತು. ಅದರ ಬೆನ್ನಿಗೇ ಕೇಪಿನ ಹೊಸ ಪಿಸ್ತೂಲು ಬಂತು, ಅದೇ .54 ಕ್ಯಾಲಿಬರ್, ಗಜ ನಳಿಗೆಯ ಕೆಳಗೆ ತನ್ನ ಹಳೇ ಜಾಗದಲ್ಲಿ. ಕುದುರೆಯನ್ನು ಸೊಂಟಪಟ್ಟಿಗೆ ಸಿಕ್ಕಿಕೊಳ್ಳದ ಹಾಗೆ ಒಳಗೆ ಕೂರಿಸಿದ್ದರು. ಕಟ್ಲಾಸನ್ನೂ ಪಿಸ್ತೂಲನ್ನೂ ಮಾಡಿಕೊಟ್ಟಿದ್ದು ಏಮ್ಸ್ ಕಾರ್ಖಾನೆಯೇ. ಈ ಸಲ ಎರಡಕ್ಕೂ ಬೇರೆಬೇರೆ ಬಿಲ್ಲು.